ಏಣಿಯ ಬುಡದಲ್ಲಿ ನಿಂತ ಅಕ್ಕ

"ಆರು ಜನಕ್ಕೆ ಇಪ್ಪತ್ತೆರಡು ಕಾಲಾ ಅಪ್ಪ?"

ಅಕ್ಕ ನನ್ನನ್ನು ಹಿಡಿದುಹಾಕಿದ ಮೊದಲ ಮಾತು ಇದು. ಶಿಡ್ಲಘಟ್ಟದಿಂದ ಸ್ವಲ್ಪ ಆಚೆ, ರೈತರೊಬ್ಬರ ಹುಳುಮನೆಗೆ ನಮ್ಮ ತಂಡ ಶೀಟು ಹೊದಿಸುತ್ತಿತ್ತು. ಹುಳುಮನೆ ಎಂದರೆ ರೇಷ್ಮೆ ಹುಳು ಸಾಕುವ ಕಟ್ಟಡ. ಅದರ ಚಾವಣಿಯನ್ನು ಮನುಷ್ಯರ ಮನೆಯದಕ್ಕಿಂತ ನಾಜೂಕಾಗಿ ಮಾಡಬೇಕು, ಹುಳುವಿಗೆ ಸೆಕೆಯೂ ಆಗದು, ಥಂಡಿಯೂ ಆಗದು. ನಾನು ಹುಣಸೆಮರದ ನೆರಳಿನಲ್ಲಿ ನಿಂತು ಮಾಲೀಕರ ಜೊತೆ ಬೋಲ್ಟಿನ ವಿಷಯಕ್ಕೆ ವಾದ ಮಾಡುತ್ತಿದ್ದೆ. ಸ್ಕೂಟರಿನಲ್ಲಿ ಬಂದ ಹೆಂಗಸೊಬ್ಬರು ಇಳಿದು, ಹೆಲ್ಮೆಟ್ ಕಳಚಿ, ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿದರು. ಆರು ಎಂದೆ. ಗುರುತಿಲ್ಲದವರು ಆಳಿನ ಲೆಕ್ಕ ಕೇಳಿದರೆ ಅರ್ಧ ಹೇಳುವುದು ನಮ್ಮ ಕಸುಬಿನಲ್ಲಿ ಬಂದವರಿಗೆ ನೀರು ಕೊಟ್ಟಷ್ಟೇ ಸಹಜ. ಅವರು ತಲೆ ಎತ್ತಿ ಚಾವಣಿ ನೋಡಲಿಲ್ಲ. ಏಣಿಯ ಬುಡ ನೋಡಿದರು. ಶೀಟಿನ ಮೇಲೆ ಚಪ್ಪಲಿ ಜಾರುತ್ತದೆ, ಬರಿಗಾಲಿನ ಬೆರಳಿಗೆ ಹಿಡಿತ ಸಿಗುತ್ತದೆ ಎಂದು ನಮ್ಮವರೆಲ್ಲ ಚಪ್ಪಲಿ ಬಿಟ್ಟೇ ಹತ್ತುವುದು. ಹನ್ನೊಂದು ಜೊತೆ ಚಪ್ಪಲಿ ದೇವಸ್ಥಾನದ ಬಾಗಿಲಲ್ಲಿ ಬಿಟ್ಟ ಹಾಗೆ ಸಾಲಾಗಿ ಬಿದ್ದಿದ್ದವು. ಅವರು ಎಣಿಸಿ ಮುಗಿಸಿ ಆ ಮಾತು ಕೇಳಿದರು.

ಮಾಲೀಕರು ನಕ್ಕುಬಿಟ್ಟರು. ನಾನೂ ನಗಬೇಕಾಯಿತು. ಬೋಲ್ಟಿನ ವಾದದಲ್ಲಿ ನನ್ನ ಪಟ್ಟು ಅಲ್ಲಿಗೇ ಸಡಿಲವಾಯಿತು. ಒಂದು ಬುದ್ಧಿಮಾತು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಎದುರಿಗೆ ಇನ್ನೊಬ್ಬ ಗಿರಾಕಿ ಇರುವಾಗ ಸುಳ್ಳು ಹೇಳಬೇಡಿ. ಒಂದು ಸುಳ್ಳು ಹೊರಗೆ ಬಿದ್ದರೆ ಎರಡು ವ್ಯಾಪಾರ ಕೆಡುತ್ತವೆ.

ಅಕ್ಕ ಹೋದ ತಿಂಗಳು ವಿಮೆ ಏಜೆನ್ಸಿ ಬಿಟ್ಟರು. ಮಂಡಿ ನೋವು, ಸ್ಕೂಟರ್ ಇನ್ನು ಸಾಕು ಎಂದರು. ಇಷ್ಟು ವರ್ಷದ ಪರಿಚಯ, ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯುತ್ತೇನೆ ಎಂದೆ. ಬರಿ, ಆದರೆ ಹೆಸರು ಹಾಕಬೇಡ ಎಂದರು. ವಿನಯಕ್ಕೆ ಹೇಳಿದ್ದಲ್ಲ. ಹೆಸರು ಹಾಕಿದರೆ ನಾಳೆಯಿಂದ ಗೌರಿಬಿದನೂರಿನಿಂದ ಚಿಂತಾಮಣಿವರೆಗೆ ಕ್ಲೈಮಿನವರೆಲ್ಲ ಮನೆ ಮುಂದೆ ಬಂದು ನಿಲ್ಲುತ್ತಾರೆ, ನನಗೆ ಮಧ್ಯಾಹ್ನ ನಿದ್ದೆ ಮಾಡಬೇಕು ಎಂದರು. ಅದಕ್ಕೆ ಇಲ್ಲಿ ಅವರು ಬರೀ ಅಕ್ಕ. ನಮ್ಮ ತಂಡದಲ್ಲಿ ಯಾರೂ ಅವರನ್ನು ಬೇರೆ ಹೆಸರಿನಿಂದ ಕರೆದದ್ದೂ ಇಲ್ಲ.

ಅವರು ಚಿಂತಾಮಣಿಯ ಮೇಷ್ಟರ ಮಗಳು. ಯಜಮಾನರು ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತರಾಗಿದ್ದರು. ಮಿಕ್ಕ ಏಜೆಂಟರೆಲ್ಲ ಬೈಕು, ಕಾರು, ಟ್ರ್ಯಾಕ್ಟರಿನ ವಿಮೆ ಮಾಡಿಸಿಕೊಂಡು ನೆರಳಿನಲ್ಲಿ ಕೂತು ಜೀವನ ಮಾಡುವಾಗ ಇವರು ಹಿಡಿದದ್ದು ಲೇಬರ್ ಇನ್ಶೂರೆನ್ಸು. ಕೆಲಸಗಾರ ಕೆಲಸದಲ್ಲಿದ್ದಾಗ ಬಿದ್ದರೆ, ಸತ್ತರೆ, ಕೈಕಾಲು ಕಳೆದುಕೊಂಡರೆ ಪರಿಹಾರ ಕೊಡಬೇಕಾದವನು ಮಾಲೀಕ, ಅಂದರೆ ನನ್ನಂಥ ಕಾಂಟ್ರಾಕ್ಟರು. ಆ ಹೊರೆಯನ್ನು ಮಾಲೀಕನ ಪರವಾಗಿ ವಿಮೆ ಕಂಪನಿ ಹೊರಲಿ ಎಂದು ಮಾಡಿಸುವ ಪಾಲಿಸಿ. ಏಜೆಂಟರಿಗೆ ಅದರಲ್ಲಿ ಕಮಿಷನ್ ಕಡಿಮೆ, ಓಡಾಟ ಜಾಸ್ತಿ. ಅದರಲ್ಲೂ ಚಾವಣಿ ಕೆಲಸದವರಿಗೆ ಮಾಡಿಸುವುದೆಂದರೆ ಕಂಪನಿಯವರೇ ಮುಖ ತಿರುಗಿಸುತ್ತಾರೆ.

ಈ ಹುಚ್ಚು ಯಾಕೆ ಹಿಡಿಯಿತು ಎಂದು ಒಮ್ಮೆ ಕೇಳಿದ್ದೆ. ಅವರ ಮನೆಯ ಮುಂದಿನ ಜಗಲಿಗೆ ಶೀಟು ಹಾಕಿಸುವಾಗ ಒಬ್ಬ ಆಳು ಅವರ ಕಣ್ಣೆದುರಿಗೇ ಜಾರಿ ಬಿದ್ದು ಮೊಣಕೈ ಮುರಿದುಕೊಂಡನಂತೆ. ಕಾಂಟ್ರಾಕ್ಟರು ಅವನನ್ನು ಆಟೋ ಹತ್ತಿಸಿ, ಕೈಗೆ ಒಂದು ಡಜನ್ ಬಾಳೆಹಣ್ಣಿನ ಕವರ್ ಕೊಟ್ಟು, ಹುಷಾರು ಅಂದನಂತೆ. ಮುರಿದ ಕೈಗೇ ಕವರ್ ಕೊಟ್ಟಿದ್ದನಪ್ಪ, ಅದನ್ನೂ ನೋಡಿರಲಿಲ್ಲ ಎಂದು ಅಕ್ಕ ಹೇಳಿದರು. ಅಷ್ಟೇ ಹೇಳಿ ಬೇರೆ ಮಾತಿಗೆ ಹೋದರು.

ಆ ಮೊದಲ ದಿನ ನಾನು ಪಾಲಿಸಿ ಮಾಡಿಸಲಿಲ್ಲ. ದೇವರಿದ್ದಾನೆ ಅಕ್ಕ, ಇಷ್ಟು ವರ್ಷದಲ್ಲಿ ಒಬ್ಬನೂ ಬಿದ್ದಿಲ್ಲ ಎಂದೆ. ಅದಕ್ಕೆ ಅವರು, "ಏಣಿ ಹತ್ತೋನು ದೇವರ ಮೇಲೆ ಭಾರ ಹಾಕ್ತಾನೆ. ದೇವರು ಯಾರ ಮೇಲೆ ಹಾಕ್ಬೇಕು?" ಎಂದು ಕೇಳಿ ಸ್ಕೂಟರ್ ಹತ್ತಿದರು. ವಾರಕ್ಕೊಮ್ಮೆ ಬರತೊಡಗಿದರು. ಬಂದರೆ ಪಾಲಿಸಿಯ ಮಾತೆತ್ತುತ್ತಿರಲಿಲ್ಲ. ಏಣಿಯ ಬುಡ ನೋಡಿ, "ಇವತ್ತು ಎಂಟು" ಎಂದು ತಮಗೆ ತಾವೇ ಹೇಳಿಕೊಂಡು ಹೋಗುತ್ತಿದ್ದರು. ಇದು ಒಳ್ಳೆಯ ವ್ಯಾಪಾರದ ಪಟ್ಟು, ನಾನು ಆಮೇಲೆ ಅವರಿಂದ ಕಲಿತೆ. ಗಿರಾಕಿಯ ಮುಂದೆ ಸರಕು ಬಿಚ್ಚಬೇಡಿ, ಅವನ ತಲೆಯೊಳಗೆ ಒಂದು ಸಂಖ್ಯೆ ಬಿಟ್ಟು ಬನ್ನಿ.

ನಾನೂ ಸುಮ್ಮನಿರುವವನಲ್ಲ. ಸಿಮೆಂಟಿನ ಚೀಲ ಕೊಟ್ಟು ಎಲ್ಲರ ಚಪ್ಪಲಿ ಅದರೊಳಗೆ ಹಾಕಿಸಿದೆ. ಅವರು ಬಂದರು, ಬರೀ ನೆಲ ನೋಡಿದರು, ರಸ್ತೆ ದಾಟಿ ಚಹಾ ಅಂಗಡಿಗೆ ಹೋದರು. ಅಂಗಡಿಯವನ ಹತ್ತಿರ ಆ ಕಟ್ಟಡಕ್ಕೆ ಹತ್ತು ಗಂಟೆಗೆ ಎಷ್ಟು ಲೋಟ ಚಹಾ ಹೋಯಿತು ಎಂದು ಕೇಳಿ ವಾಪಸ್ ಬಂದು, ಹನ್ನೆರಡು, ನಿನ್ನದೂ ಸೇರಿ ಎಂದರು. ಅವತ್ತು ಸೋತೆ. ಸೋತವನು ಬೇಗ ಒಪ್ಪಿಕೊಂಡರೆ ಎದುರಿನವರಿಂದ ಸ್ವಲ್ಪ ರಿಯಾಯಿತಿ ಸಿಗುತ್ತದೆ ಎಂಬ ಲೆಕ್ಕದಲ್ಲಿ, ಆಗಲಿ ಅಕ್ಕ, ಎಷ್ಟಾಗುತ್ತೆ ಹೇಳಿ ಎಂದೆ.

ಚೌಕಾಸಿ ಆ ಚಹಾ ಅಂಗಡಿಯ ಬೆಂಚಿನ ಮೇಲೆ ನಡೆಯಿತು. ಪಾಲಿಸಿಯಲ್ಲಿ ಹೆಸರಿಲ್ಲ, ತಲೆಯ ಲೆಕ್ಕ ಮತ್ತು ಅವರ ಕೂಲಿಯ ಲೆಕ್ಕ. ಮೇಲೆ ಹತ್ತುವವನಿಗೆ ಒಂದು ದರ, ಕೆಳಗೆ ನಿಂತು ಶೀಟು ಎತ್ತಿ ಕೊಡುವವನಿಗೆ ಅದಕ್ಕಿಂತ ಕಡಿಮೆ. ಇದು ತಿಳಿದ ಕೂಡಲೇ ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಕೆಳಗಿನವರು, ಇಬ್ಬರು ಮಾತ್ರ ಮೇಲೆ ಎಂದೆ. ಅಕ್ಕ ಬನ್ನು ಮುರಿದು ಚಹಾದಲ್ಲಿ ಅದ್ದುತ್ತಾ, ಹಾಗಾದ್ರೆ ನಿಮ್ಮ ಶೀಟು ತಾನಾಗೇ ಮೇಲಕ್ಕೆ ಹಾರ್ತದಾ ಎಂದರು. ಎಂಟು ಮಂದಿ ಮೇಲೆ, ಮೂವರು ಕೆಳಗೆ ಎಂಬಲ್ಲಿಗೆ ಬಂದು ನಿಂತಿತು. ಕೂಲಿಯನ್ನೂ ಕಡಿಮೆ ತೋರಿಸಲು ನೋಡಿದೆ. ಕಡಿಮೆ ಕೂಲಿ ಬರೆಸಿದರೆ ಬಿದ್ದಾಗ ಬರುವುದೂ ಕಡಿಮೆ, ಬಿದ್ದವನು ನಿನ್ನನ್ನ ನೋಡ್ತಾನೆ, ನನ್ನನ್ನಲ್ಲ ಎಂದರು. ನಾನು ಗೆದ್ದದ್ದು ಒಂದೇ ಕಡೆ. ಚಹಾ, ಬನ್ನಿನ ದುಡ್ಡು ಅವರು ಕೊಟ್ಟರು.

ಪಾಲಿಸಿ ಬಂದ ದಿನ ಒಂದು ತಮಾಷೆ ನಡೆಯಿತು. ಕಾಗದವನ್ನು ನನ್ನ ಕೈಗೆ ಕೊಟ್ಟು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಊಟದ ಹೊತ್ತಿಗೆ ಕೆಲಸದ ಜಾಗಕ್ಕೆ ಬಂದು, ಮುದ್ದೆ ಮುರಿಯುತ್ತಿದ್ದವರ ನಡುವೆ ಕೂತು, ಅದರಲ್ಲಿ ಏನಿದೆ ಎಂದು ಕನ್ನಡದಲ್ಲಿ, ಅರ್ಥವಾಗದವರಿಗೆ ತೆಲುಗಿನಲ್ಲಿ ಹೇಳಿದರು. ಆಮೇಲೆ ಹನ್ನೊಂದು ಜೆರಾಕ್ಸ್ ತೆಗೆದು ಒಬ್ಬೊಬ್ಬರಿಗೂ ಒಂದೊಂದು ಕೊಟ್ಟು, ಹೆಂಡತಿ ಕೈಗೆ ಕೊಡಿ, ರೇಷನ್ ಕಾರ್ಡಿನ ಜೊತೆ ಇಡಲಿ ಎಂದರು. ನನಗೆ ಸಿಟ್ಟು ಬಂತು. ದುಡ್ಡು ಕಟ್ಟಿದವನು ನಾನು, ಕಾಗದ ಊರೆಲ್ಲ ಓದುವುದು ಯಾಕೆ ಎಂದೆ. "ದುಡ್ಡು ನಿಂದು. ಕಾಗದ ಅವರದ್ದು" ಎಂದರು. ಆದರೆ ಒಂದು ಹೇಳಬೇಕು. ಆ ವಾರದಿಂದ ನನ್ನ ತಂಡದ ಒಬ್ಬನೂ ಬೇರೆ ಕಾಂಟ್ರಾಕ್ಟರ ಕಡೆ ಹೋಗಲಿಲ್ಲ. ಹೆಂಡತಿಯರು ಬಿಡಲಿಲ್ಲ. ಕೂಲಿ ಹೆಚ್ಚಿಸಿ ಆಳು ಉಳಿಸಿಕೊಳ್ಳಲು ಒದ್ದಾಡುತ್ತಿರುವವರು ಈ ದಾರಿಯನ್ನೂ ನೋಡಿ, ಅಗ್ಗ ಬೀಳುತ್ತದೆ.

ಹೀಗೆ ಮೂರು ವರ್ಷ ಚೆನ್ನಾಗಿ ನಡೆಯಿತು. ಕೆಟ್ಟದ್ದು ಮುಯ್ಯಿಯಿಂದ.

ಮುಯ್ಯಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇವತ್ತು ನೀವು ನಮ್ಮ ಹೊಲಕ್ಕೆ ಕಳೆ ಕೀಳಲು ಬನ್ನಿ, ನಾಳೆ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ. ಕೂಲಿ ಇಲ್ಲ, ಊಟ ಮಾತ್ರ. ಹಾಗೆ ಬರುವವನು ಮುಯ್ಯಾಳು. ನಾವು ಹೊಲದಿಂದ ಚಾವಣಿಗೆ ಹತ್ತಿದವರಲ್ಲವೇ, ಆ ಪದ್ಧತಿಯೂ ನಮ್ಮ ಜೊತೆ ಹತ್ತಿತು. ದೊಡ್ಡ ಶೆಡ್ಡಿನ ಶೀಟು ಒಂದೇ ದಿನದಲ್ಲಿ ಮುಗಿಯಬೇಕು. ಅರ್ಧ ಹೊದಿಸಿ ಬಿಟ್ಟರೆ ಆಷಾಢದ ಗಾಳಿಗೆ ಬೆಳಗ್ಗೆ ಶೀಟು ಪಕ್ಕದ ಊರಿನಲ್ಲಿರುತ್ತದೆ. ಅದಕ್ಕೆ ಚಿಂತಾಮಣಿ ಕಡೆಯ ಕಾಂಟ್ರಾಕ್ಟರ್ ಮುನಿಕೃಷ್ಣ ಮತ್ತು ನಾನು ಮುಯ್ಯಿ ಮಾಡುತ್ತಿದ್ದೆವು. ನನ್ನ ದೊಡ್ಡ ಕೆಲಸಕ್ಕೆ ಅವನ ತಂಡ, ಅವನ ದೊಡ್ಡ ಕೆಲಸಕ್ಕೆ ನನ್ನ ತಂಡ. ಅವತ್ತು ಮಾತ್ರ ಮಧ್ಯಾಹ್ನ ಕೋಳಿ ಸಾರು.

ಅಕ್ಕನಿಗೆ ಇದು ತಿಳಿಯಿತು. ಮುಯ್ಯಿಯ ದಿನ ಬಂದವರು ಯಾರ ಆಳು ಎಂದು ಕೇಳಿದರು. ಎಲ್ಲರ ಆಳು ಎಂದೆ. ಎಲ್ಲರ ಆಳು ಅಂದ್ರೆ ಯಾರ ಆಳೂ ಅಲ್ಲ ಕಣಪ್ಪ ಎಂದರು. ಮುನಿಕೃಷ್ಣನಿಗೆ ಪಾಲಿಸಿ ಇಲ್ಲ, ನನ್ನ ಪಾಲಿಸಿಯಲ್ಲಿ ಅವರ ಲೆಕ್ಕವಿಲ್ಲ. ಅವರು ಹೇಳಿದ ದಾರಿ ಸುಲಭ. ಮುಯ್ಯಿಯ ದಿನ ಬಂದವರಿಗೂ ಕೂಲಿ ಕೊಡು, ಹಾಜರಿಯಲ್ಲಿ ಬರಿ, ಮೊದಲೇ ನನಗೆ ಹೇಳು, ಪಾಲಿಸಿಗೆ ಸೇರಿಸುತ್ತೇನೆ. ನಾಳೆ ನೀವು ಹೋದಾಗ ಅವನು ನಿಮ್ಮವರಿಗೆ ಕೂಲಿ ಕೊಡಲಿ. ದುಡ್ಡು ಒಂದು ಸುತ್ತು ಹಾಕಿ ಮನೆಗೆ ಬರುತ್ತದೆ, ಕಷ್ಟವೇನು?

ಕಷ್ಟ ದುಡ್ಡಿನದಲ್ಲ. ಮುಯ್ಯಿಗೆ ಬಂದವನಿಗೆ ಕೂಲಿ ಕೊಟ್ಟರೆ ಅವನನ್ನು ನೆಂಟನ ಸಾಲಿನಿಂದ ಎಬ್ಬಿಸಿ ಕೂಲಿಯವರ ಸಾಲಿನಲ್ಲಿ ಕೂರಿಸಿದ ಹಾಗೆ. ಆದರೂ ಮುನಿಕೃಷ್ಣನಿಗೆ ಹೇಳಿ ನೋಡಿದೆ. ಅವನ ಮುಖ ಕೆಂಪಾಯಿತು. "ನಾನು ಸ್ನೇಹಕ್ಕೆ ಬರೋನು. ಕೂಲಿ ಕೊಡೋ ಹಂಗಿದ್ರೆ ನಾಳೆಯಿಂದ ಬೇರೆಯೋರ್ನ ಕರ್ಕೋ" ಎಂದ. ಎರಡು ಕಡೆಯೂ ಬೇಕಾದವನು ಏನು ಮಾಡುತ್ತಾನೆ? ಅವನಿಗೆ, ಆಯಿತು ಬಿಡು, ಹಳೇ ಪದ್ಧತಿಯೇ ಇರಲಿ ಎಂದೆ. ಅಕ್ಕನಿಗೆ, ಮುಯ್ಯಿ ನಿಲ್ಲಿಸಿಬಿಟ್ಟಿದ್ದೇವೆ ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಹನ್ನೊಂದು ತಲೆಗೇ ಪಾಲಿಸಿ ಮುಂದುವರಿಸಿದರು. ನಾನು ಜಾಣತನ ಮಾಡಿದೆ ಎಂದುಕೊಂಡೆ.

ಎರಡು ತಿಂಗಳಿಗೆ ಮಂಚೇನಹಳ್ಳಿ ಕಡೆ ಒಂದು ದೊಡ್ಡ ಕೋಳಿ ಫಾರಮ್ಮಿನ ಕೆಲಸ ಬಂತು. ನಮ್ಮವರು ಹನ್ನೊಂದು, ಮುನಿಕೃಷ್ಣನ ಕಡೆಯ ಮುಯ್ಯಾಳುಗಳು ಐದು. ಆ ಐದರಲ್ಲಿ ವೆಂಕಟೇಶ ಎಂಬುವನು ಒಬ್ಬ. ನಲವತ್ತರ ಆಸುಪಾಸಿನವನು, ಕೆಲಸದಲ್ಲಿ ಬೆಕ್ಕು. ಶೆಡ್ಡಿನೊಳಕ್ಕೆ ಬೆಳಕು ಬರಲಿ ಎಂದು ನಡುನಡುವೆ ಹಾಕುವ ಪ್ಲಾಸ್ಟಿಕ್ ಶೀಟಿನ ಮೇಲೆ ಅವನು ಕಾಲಿಟ್ಟ. ಅದು ಮುರಿಯಿತು. ಹದಿನೆಂಟು ಅಡಿ. ಅವನ ಪುಣ್ಯ, ಕೋಳಿಗಳ ಕಾಲಡಿಗೆ ಹರಡಲು ತಂದ ಭತ್ತದ ಹೊಟ್ಟಿನ ರಾಶಿ ಕೆಳಗಿತ್ತು. ನಾನು ಮೇಲಿಂದ ಇಳಿದು ಓಡಿ ಬಂದಾಗ ಹೊಟ್ಟಿನಲ್ಲಿ ಸೊಂಟದವರೆಗೆ ಹೂತುಹೋಗಿ, ತಲೆತುಂಬ ಹೊಟ್ಟು ಮೆತ್ತಿಕೊಂಡು ನನ್ನನ್ನೇ ನೋಡುತ್ತಿದ್ದ. ನೋವಿನಲ್ಲಿ ಮನೆಮಾತು ಬಾಯಿಗೆ ಬರುತ್ತದೆ. "ಶೀಟು ಪಗಿಲಿಂದಾ ಅನ್ನಾ?" ಎಂದು ಕೇಳಿದ. ಶೀಟು ಒಡೆಯಿತಾ ಎಂದು. ಅವನ ಬಲಗಾಲಿನ ಹಿಮ್ಮಡಿ ಪುಡಿಯಾಗಿತ್ತು, ಸೊಂಟದ ಮೂಳೆ ಬಿರಿದಿತ್ತು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೆ ಭಯವಿಲ್ಲ, ಆದರೆ ಇನ್ನು ಮೇಲೆ ಏಣಿ ಹತ್ತುವ ಹಾಗಿಲ್ಲ ಎಂದರು. ವೆಂಕಟೇಶನ ಹೆಂಡತಿ ಆ ಮಾತು ಕೇಳಿ ಬೆಂಚಿನ ಮೇಲೆ ಕೂತವಳು ಏಳಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು, ಅವನ ಕಾಲೇ ಮನೆಯ ಸಂಪಾದನೆ. ಪಾಲಿಸಿ ಇಲ್ಲವೆಂದಾದರೆ ನಾನು ಕೊಡಬೇಕಾದದ್ದಕ್ಕೆ ನನ್ನ ಟೆಂಪೋ, ವೆಲ್ಡಿಂಗ್ ಸೆಟ್ಟು ಎರಡನ್ನೂ ಮಾರಿದರೂ ಸಾಲದು.

ಕಾರಿಡಾರಿನ ತುದಿಗೆ ಕರೆದುಕೊಂಡು ಹೋಗಿ ಮುನಿಕೃಷ್ಣ ಒಂದು ದಾರಿ ಹೇಳಿದ. ನನ್ನ ತಂಡದ ಶಿವಣ್ಣ ಅವತ್ತು ಬಂದೇ ಇರಲಿಲ್ಲ, ವೆಂಕಟೇಶ ಎರಡು ವರ್ಷದಿಂದ ನನ್ನ ಹತ್ತಿರವೇ ಇದ್ದಾನೆ ಎಂದು ಹೊಸ ಹಾಜರಿ ಪುಸ್ತಕ ಬರೆಸಿಬಿಡುವುದು. ಹನ್ನೊಂದು ಹನ್ನೊಂದಾಗಿಯೇ ಉಳಿಯುತ್ತದೆ. ನನಗೂ ಸರಿ ಎನಿಸಿತು. ಯಾರಿಗೂ ಮೋಸವಿಲ್ಲ, ಬಿದ್ದವನಿಗೇ ದುಡ್ಡು. ಅಕ್ಕನಿಗೆ ಫೋನು ಮಾಡಿದೆ. ಅರ್ಧ ಗಂಟೆಯಲ್ಲಿ ಬಂದರು. ಮೊದಲು ವೆಂಕಟೇಶನನ್ನು ನೋಡಿದರು, ಅವನ ಹೆಂಡತಿಗೆ ಊಟ ತರಿಸಿದರು, ಆಮೇಲೆ ನನ್ನ ಕಡೆ ತಿರುಗಿದರು. ಮುಯ್ಯಿ ನಿಂತಿರಲಿಲ್ಲ ಎಂದು ಒಪ್ಪಿಕೊಂಡೆ. ಬೈಯುತ್ತಾರೆ ಎಂದು ಕಾದೆ.

"ಸುಳ್ಳು ಹೇಳಿದ್ದು ನೀನು. ಬಿದ್ದಿದ್ದು ಅವನು" ಎಂದರು ಮೆಲ್ಲಗೆ. ಅಷ್ಟೇ.

ಮುನಿಕೃಷ್ಣ ತನ್ನ ಉಪಾಯ ಹೇಳಿದ. ಅಕ್ಕ ಪೂರ್ತಿ ಕೇಳಿಸಿಕೊಂಡರು.

"ಶಿವಣ್ಣನ್ನ ಅಳಿಸಿ ವೆಂಕಟೇಶನ್ನ ಬರೀತೀರ. ನಾಳೆ ಶಿವಣ್ಣ ಬಿದ್ರೆ ಯಾರ ಹೆಸರಲ್ಲಿ ಬೀಳ್ತಾನೆ?"

ಮುನಿಕೃಷ್ಣ ಕಿಟಕಿಯ ಕಡೆ ತಿರುಗಿದ.

"ಇನ್ನೊಂದು ಕೇಳು" ಎಂದು ನನಗೆ ಹೇಳಿದರು. "ಆ ಹದಿನಾರು ಜನಾನೂ ಇದೇ ಸುಳ್ಳನ್ನ ವರ್ಷಗಟ್ಟಲೆ ನೆನಪಿಟ್ಕೋಬೇಕು. ವಿಚಾರಣೆಗೆ ಬರೋರು ಚಹಾ ಅಂಗಡೀಲಿ ಒಂದು ಮಾತು ಕೇಳಿದ್ರೆ ಮುಗೀತು, ವೆಂಕಟೇಶನಿಗೆ ಒಂದು ರೂಪಾಯಿ ಬರಲ್ಲ. ನಾನೇ ಹಂಗೆ ಕೇಳ್ತಿದ್ದೆ, ಗೊತ್ತಲ್ಲ? ನಡೆದಿದ್ದು ನಡೆದ ಹಾಗೇ ಬರಿ."

ಅವರ ಸ್ಕೂಟರಿನ ಡಿಕ್ಕಿಯಿಂದ ಬಿಳಿ ಹಾಳೆ ಬಂತು. ಆಸ್ಪತ್ರೆಯ ಕಿಟಕಿಯ ಕಟ್ಟೆಯ ಮೇಲಿಟ್ಟು ಬರೆದೆ. ಹದಿನಾರು ಜನ ಕೆಲಸಕ್ಕಿದ್ದರು. ಪಾಲಿಸಿ ಹನ್ನೊಂದಕ್ಕೆ. ವೆಂಕಟೇಶ ಮುಯ್ಯಿಗೆ ಬಂದಿದ್ದ. ಕೂಲಿ ಇಲ್ಲ, ಊಟ ಹಾಕಿದ್ದೆ. ಕೆಲಸ ಹೇಳಿದ್ದು ನಾನು. ಬದಲಿಗೆ ಮುಂದಿನ ತಿಂಗಳು ನನ್ನವರು ಅವರ ಕೆಲಸಕ್ಕೆ ಹೋಗಬೇಕಿತ್ತು. ಜೀವಮಾನದಲ್ಲಿ ನಾನು ಬರೆದ ಕೊಟೇಶನ್ನುಗಳಲ್ಲೆಲ್ಲ ಅದೊಂದರಲ್ಲೇ ಮುಂದೆ ಇಳಿಸಿಕೊಳ್ಳೋಣ ಎಂದು ಏನನ್ನೂ ಏರಿಸಿ ಬರೆದಿರಲಿಲ್ಲ.

ಕಂಪನಿಯವರು ಆಗುವುದಿಲ್ಲ ಎಂದರು. ಕೂಲಿ ಇಲ್ಲದವನು ಕೆಲಸಗಾರನೇ ಅಲ್ಲ, ಸಹಾಯಕ್ಕೆ ಬಂದ ಸ್ನೇಹಿತ ಎಂದರು. ಅಕ್ಕ ನನ್ನನ್ನು ಕರೆದುಕೊಂಡು ಬೆಂಗಳೂರಿನ ಆಫೀಸಿಗೆ ಮೂರು ಸಲ ಬಂದರು. ಬಸ್ಸಿನ ಚಾರ್ಜು ಅವರವರದ್ದು ಎಂದು ಮೊದಲೇ ಹೇಳಿದ್ದರು. ಮೂರನೆಯ ಸಲ ಅಧಿಕಾರಿ ಸಿಕ್ಕರು. ವಯಸ್ಸಿನ್ನೂ ಚಿಕ್ಕದು, ಒಳ್ಳೆಯವರು, ಆದರೆ ಮುಯ್ಯಾಳು ಎಂಬುದು ಅವರ ಯಾವ ಫಾರಮ್ಮಿನಲ್ಲೂ ಇರಲಿಲ್ಲ. ಅಕ್ಕ ಕಾನೂನು ಮಾತಾಡಲಿಲ್ಲ.

"ನಿಮ್ಮ ಮನೆ ಮದುವೇಲಿ ಯಾರ್ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ ಬರೆದಿಟ್ಕೊಂಡಿದಾರಾ ಸಾರ್?"

ನಮ್ಮ ಅಮ್ಮನ ಹತ್ತಿರ ಮೂರು ನೋಟ್‌ಬುಕ್ ಇದೆ ಎಂದರು ಅವರು.

"ಯಾಕೆ ಬರೆದಿಟ್ಟಿದಾರೆ?"

"ವಾಪಸ್ ಮಾಡ್ಬೇಕಲ್ವಾ."

"ಕೊಡ್ಲೇಬೇಕಾದ್ದು ಉಡುಗೊರೆ ಅಲ್ಲ ಸಾರ್. ಇವನು ಒಂದು ದಿನದ ಕೆಲಸ ತಗೊಂಡಿದಾನೆ, ಒಂದು ದಿನದ ಕೆಲಸ ಕೊಡಬೇಕು. ನೋಟಲ್ಲಿ ಕೊಟ್ರೆ ಮಾತ್ರ ಕೂಲೀನಾ?"

ಅಧಿಕಾರಿ ನನ್ನ ಕಾಗದವನ್ನು ಇನ್ನೊಮ್ಮೆ ಓದಿದರು. ಇಷ್ಟು ವಿವರವಾಗಿ ತನ್ನ ತಪ್ಪನ್ನು ತಾನೇ ಬರೆದುಕೊಟ್ಟ ಕಾಂಟ್ರಾಕ್ಟರನ್ನು ನಾನು ನೋಡಿಲ್ಲ ಎಂದರು. ಹೊಗಳಿದರೋ ಆಡಿಕೊಂಡರೋ ತಿಳಿಯಲಿಲ್ಲ. ಅವರ ಮೇಲಿನವರ ಹತ್ತಿರ ಹೋಗಿ, ಬಂದು, ಮತ್ತೆ ಹೋಗಿ, ಕೊನೆಗೆ ಒಂದು ತೀರ್ಮಾನವಾಯಿತು. ವೆಂಕಟೇಶ ಅವತ್ತಿಗೆ ನನ್ನ ಕೆಲಸಗಾರನೇ ಹೌದು. ಆದರೆ ಕೆಲಸಕ್ಕಿದ್ದದ್ದು ಹದಿನಾರು, ವಿಮೆ ಇದ್ದದ್ದು ಹನ್ನೊಂದಕ್ಕೆ. ಆದ್ದರಿಂದ ಹದಿನಾರರಲ್ಲಿ ಹನ್ನೊಂದು ಪಾಲು ಕಂಪನಿ ಕೊಡುತ್ತದೆ, ಮಿಕ್ಕ ಐದು ಪಾಲು ನನ್ನದು.

ಹೊರಗೆ ಬಂದು, ಐದನ್ನು ಮೂರು ಮಾಡಿಸಬಹುದಿತ್ತಲ್ಲ ಅಕ್ಕ ಎಂದೆ. ಅವರು ನಿಂತು, ಆ ಐದು ಪಾಲು ನಿನ್ನ ಫೀಸು ಎಂದರು. ಯಾವ ಸ್ಕೂಲಿನದು ಎಂದು ನಾನು ಕೇಳಲಿಲ್ಲ. ಮುನಿಕೃಷ್ಣ ಕೇಳದೆಯೇ ಅದರಲ್ಲಿ ಅರ್ಧ ಹೊತ್ತ. ಅವನು ಅಭಿಮಾನಿ, ಆದರೆ ಕೈ ಬಿಡುವವನಲ್ಲ.

ಮುಯ್ಯಿಯ ತೊಡಕು ಮಾತ್ರ ಹಾಗೇ ಉಳಿದಿತ್ತು. ಕೂಲಿ ತೆಗೆದುಕೊಳ್ಳುವುದಕ್ಕೆ ಮುನಿಕೃಷ್ಣ ಆಗಲೂ ಒಪ್ಪಲಿಲ್ಲ, ಬೇಕಾದರೆ ಮುಯ್ಯಿಯನ್ನೇ ಬಿಡೋಣ ಎಂದ. ಆ ಗಂಟು ಬಿಡಿಸಿದವರೂ ಅಕ್ಕನೇ. ಎರಡು ತಂಡವನ್ನೂ ನಮ್ಮ ಅಂಗಳದಲ್ಲಿ ಕೂರಿಸಿ ಹೇಳಿದರು: "ದುಡ್ಡು ಫೋನಲ್ಲಿ ಹೋಗ್ಲಿ. ಮರ್ಯಾದೆ ಎಲೆಅಡಿಕೇಲಿ ಹೋಗ್ಲಿ." ಅಂದರೆ ಕೂಲಿ ಯಾರ ಕಣ್ಣಿಗೂ ಬೀಳದ ಹಾಗೆ ಆಳಿನ ಖಾತೆಗೆ ಹೋಗಬೇಕು. ಕೈಗೆ ಮಾತ್ರ ಊಟವಾದ ಮೇಲೆ ತಾಂಬೂಲ, ನೆಂಟರಿಗೆ ಕೊಟ್ಟ ಹಾಗೆ, ಎರಡು ಕೈಯಲ್ಲಿ. ಮುನಿಕೃಷ್ಣ, ಎಲೆ ಚಿಂತಾಮಣಿಯದ್ದಾದ್ರೆ ಸರಿ ಎಂದ. ಮಾರನೆಯ ದಿನವೇ ಅವನೂ ಪಾಲಿಸಿ ಮಾಡಿಸಿದ. ನನಗಿಂತ ಕಡಿಮೆಗೆ ಮಾಡಿಸಿಕೊಂಡ ಎಂಬ ಅನುಮಾನ ನನಗೆ ಈಗಲೂ ಇದೆ. ಅಕ್ಕ ಬಾಯಿ ಬಿಡುವುದಿಲ್ಲ.

ಪರಿಹಾರ ಬಂದ ಮೇಲೆ ವೆಂಕಟೇಶ ನನ್ನ ಸಲಹೆ ಕೇಳಿದ. ಬಡ್ಡಿಗೆ ಬಿಡಬೇಡ, ಬೈಕು ತೆಗೆದುಕೊಳ್ಳಬೇಡ, ಕೂತು ಮಾಡುವ ಕೆಲಸಕ್ಕೆ ಹಾಕು ಎಂದೆ. ಅಂಬಾಜಿದುರ್ಗದ ಹತ್ತಿರ ಅವನ ಹೆಂಡತಿಯ ಕಡೆಯ ಒಂದು ತುಂಡು ಹಿಪ್ಪುನೇರಳೆ ತೋಟವಿತ್ತು. ಅಲ್ಲೊಂದು ಚಿಕ್ಕ ಹುಳುಮನೆ ಕಟ್ಟಿಸಿದ. ಗೋಡೆ ಎದ್ದಿತು, ಚಾವಣಿ ಬಾಕಿ. ನಾವು ಎರಡು ತಂಡದವರೂ ಒಂದು ಭಾನುವಾರ ಬಂದು ಹೊದಿಸಿಕೊಡುತ್ತೇವೆ, ನಿನ್ನಿಂದ ಒಂದು ಪೈಸೆ ಬೇಡ ಎಂದೆವು. ಅವನು ಹೂಂ ಎಂದ. ಒಂದು ಷರತ್ತು ಇದೆ, ಆ ದಿನ ಹೇಳುತ್ತೇನೆ ಎಂದ.

ಹೋದ ತಿಂಗಳ ಆ ಭಾನುವಾರ ಬೆಳಗ್ಗೆ ಹೋದರೆ ಅಕ್ಕ ಆಗಲೇ ಬಂದಿದ್ದರು. ಅವರ ಏಜೆನ್ಸಿಗೆ ಅದೇ ಕೊನೆಯ ವಾರ. ವೆಂಕಟೇಶ ಊರುಗೋಲು ಊರಿಕೊಂಡು ಬಾಗಿಲಲ್ಲಿ ನಿಂತಿದ್ದ. ಯಾರಾದರೂ ಏಣಿಗೆ ಕೈ ಹಾಕುವ ಮುಂಚೆ ಇದೇ ಷರತ್ತು ಎಂದು ಒಂದು ಕಾಗದ ತೆಗೆದು ನನ್ನ ಕೈಗಿಟ್ಟ. ಈ ಕೆಲಸ ಮುಗಿಯುವವರೆಗಿನ ಲೇಬರ್ ಪಾಲಿಸಿ. ಮಾಲೀಕ ಎಂಬಲ್ಲಿ ವೆಂಕಟೇಶನ ಹೆಸರು. ಪಾಲಿಸಿಗೆ ಹೆಸರುಗಳು ಬೇಕಿರಲಿಲ್ಲ, ಆದರೂ ಅಕ್ಕ ತಮ್ಮ ದುಂಡು ಅಕ್ಷರದಲ್ಲಿ ಪಟ್ಟಿ ಬರೆದು ಲಗತ್ತಿಸಿದ್ದರು. ಒಂಬತ್ತನೆಯ ಸಾಲಿನಲ್ಲಿ ನಾನಿದ್ದೆ. ಹೆಸರು, ವಯಸ್ಸು, ಮುಂದೆ ‘ಮೇಲೆ ಹತ್ತುವವರು’ ಎಂದಿತ್ತು.

ನಾನು ಶೀಟು ಹೊರುವ ಕೂಲಿಯಾಗಿ ಶುರು ಮಾಡಿದವನು. ಆಗ ನಮ್ಮ ಮಾಲೀಕರಲ್ಲಿ ಯಾರಿಗೂ ಇಂಥದ್ದು ಗೊತ್ತಿರಲಿಲ್ಲ. ನಾನೇ ಕಾಂಟ್ರಾಕ್ಟರಾದ ಮೇಲೆ ಎಲ್ಲರ ತಲೆ ಎಣಿಸಿದೆ. ಎಣಿಸುವವನ ತಲೆ ಆ ಲೆಕ್ಕದಲ್ಲಿ ಬರುವುದಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಕಾಲಿಗೆ ಯಾರೂ ಒಂದು ಬೆಲೆ ಬರೆದಿರಲಿಲ್ಲ. ಆ ಸಾಲನ್ನು ಎರಡು ಸಲ ಓದಿದೆ. ಇಂಥ ಹೊತ್ತಿನಲ್ಲಿ ನನಗೆ ಬರುವುದು ಚೌಕಾಸಿಯ ಮಾತೊಂದೇ. ಅರ್ಧ ದಿನದ ಕೆಲಸಕ್ಕೆ ಇಷ್ಟೊಂದು ಕಟ್ಟಿಸಿಕೊಂಡಿದ್ದೀರಲ್ಲ ಅಕ್ಕ, ನನ್ನನ್ನ ಕೇಳಿದ್ರೆ ಅರ್ಧಕ್ಕೆ ಇಳಿಸ್ತಿದ್ದೆ ಎಂದೆ.

ಉತ್ತರ ವೆಂಕಟೇಶನಿಂದ ಬಂತು.

"ಅಣ್ಣಾ, ಚೌಕಾಸಿ ಮಾಡೋಕೆ ಇದು ನಿನ್ನ ಪಾಲಿಸಿ ಅಲ್ಲ. ಇವತ್ತು ನೀನು ನನ್ನ ಆಳು. ಬಿಸಿಲೇರ್ತಾ ಐತೆ, ಹತ್ತು."

ಎರಡು ತಂಡದವರೂ ನಕ್ಕರು, ಮುನಿಕೃಷ್ಣ ಎಲ್ಲರಿಗಿಂತ ಜೋರಾಗಿ. ನಾನು ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಗುಂಡಿ ಹಾಕಿ, ಎಲ್ಲರಿಗಿಂತ ಮೊದಲು ಹತ್ತಿದೆ.